ಶನಿವಾರದ ಓಪನ್ ಹೋಮ್: ಮೆಲ್ಬರ್ನ್‌ನಲ್ಲಿ ಮನೆ ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಮೆಲ್ಬರ್ನ್‌ನ ಪಶ್ಚಿಮದ ಬಡಾವಣೆಗಳಲ್ಲಿ ಎಂಟು ತಿಂಗಳು ಮನೆ ಹುಡುಕಿದೆವು. ಅರವತ್ತಕ್ಕೂ ಜಾಸ್ತಿ ಮನೆಗಳ ಹೊಸ್ತಿಲು ದಾಟಿದ್ದೇವೆ. ಆಮೇಲೆ ಹಬ್ಬದ ಊಟದಲ್ಲಿ, ಮಕ್ಕಳ ಹುಟ್ಟುಹಬ್ಬದಲ್ಲಿ, ವಾಟ್ಸಾಪ್‌ನಲ್ಲಿ ಗೆಳೆಯರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಇಲ್ಲಿರುವ ಕಾನೂನಿನ ಮಾತೆಲ್ಲ ವಿಕ್ಟೋರಿಯಾ ರಾಜ್ಯದ್ದು. ಸಿಡ್ನಿಯಲ್ಲೋ ಬ್ರಿಸ್ಬೇನ್‌ನಲ್ಲೋ ಇರುವವರು ಅಲ್ಲಿನ ನಿಯಮ ನೋಡಿಕೊಳ್ಳಿ. ನಾನು ಲಾಯರ್ ಅಲ್ಲ, ಏಜೆಂಟೂ ಅಲ್ಲ. ಸುತ್ತಿ ಸುತ್ತಿ ಶೂ ಸವೆಸಿದವನು, ಅಷ್ಟೇ.

## ಹೊರಡುವ ಮುಂಚೆ

ಓಪನ್ ಹೋಮ್ ಅಂದ್ರೆ ಏನು? ಮೊದಲೇ ಫೋನ್ ಮಾಡ್ಬೇಕಾ?

ಮಾರಾಟಕ್ಕಿರುವ ಮನೆಯನ್ನು ವಾರಕ್ಕೆ ಒಂದೆರಡು ಸಲ, ಅರ್ಧ ಗಂಟೆ, ಯಾರು ಬೇಕಾದರೂ ಬಂದು ನೋಡಲಿ ಎಂದು ತೆರೆದಿಡುತ್ತಾರೆ. ಹೆಚ್ಚಿನವು ಶನಿವಾರ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ. ಕೆಲವು ಬುಧವಾರವೋ ಗುರುವಾರವೋ ಸಂಜೆ. ಮನೆಯವರು ಆ ಹೊತ್ತಿಗೆ ನಾಯಿಯನ್ನೂ ಕಟ್ಟಿಕೊಂಡು ಎಲ್ಲೋ ಹೋಗಿರುತ್ತಾರೆ. ಏಜೆಂಟ್ ಬಾಗಿಲಲ್ಲಿ ಬಾವುಟ ನೆಟ್ಟು ನಿಂತಿರುತ್ತಾರೆ. ಅಪಾಯಿಂಟ್‌ಮೆಂಟ್ ಬೇಕಾಗಿಲ್ಲ. ಆದರೆ ಹೊರಡುವ ಮುಂಚೆ ಆ್ಯಪ್‌ನಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ. ಶುಕ್ರವಾರ ರಾತ್ರಿ ಮಾರಾಟವಾಗಿಬಿಟ್ಟ ಮನೆಯ ಮುಂದೆ ಶನಿವಾರ ನಿಂತ ಅನುಭವ ನಮಗೆ ಎರಡು ಸಲ ಆಗಿದೆ.

ಲೋನ್ ಇನ್ನೂ ಆಗಿಲ್ಲ. ಸುಮ್ನೆ ನೋಡೋಕೆ ಹೋದ್ರೆ ತಪ್ಪು ತಿಳ್ಕೋತಾರಾ?

ಇಲ್ಲ. ಧಾರಾಳವಾಗಿ ಹೋಗಿ. ಮೊದಲ ಹತ್ತು ಮನೆಗಳನ್ನು ಕೊಳ್ಳಲೆಂದು ನೋಡಲೇಬೇಡಿ ಅಂತ ನಾನು ಹೇಳುತ್ತೇನೆ. ಕಣ್ಣು ಪಳಗಲು ಅಷ್ಟು ಬೇಕು. ಐದನೇ ಮನೆಯವರೆಗೂ ನಾವು ಬರೀ ಬೆಂಚ್‌ಟಾಪ್ ಕಲ್ಲು, ಪರದೆ, ಸೋಫಾ ನೋಡಿ ಬೆರಗಾಗಿದ್ದೆವು. ಆ ಸೋಫಾ ಮನೆಯವರದ್ದೇ ಅಲ್ಲ, ಮಾರಾಟಕ್ಕೆಂದು ಬಾಡಿಗೆಗೆ ತಂದು ಜೋಡಿಸಿದ್ದು ಅಂತ ಗೊತ್ತಾದದ್ದು ಆಮೇಲೆ.

ಆದರೆ ಬ್ಯಾಂಕಿನ ಪ್ರೀ-ಅಪ್ರೂವಲ್, ಅಂದರೆ ಇಷ್ಟು ಸಾಲ ಕೊಡಬಹುದು ಅನ್ನುವ ಮುಂಗಡ ಒಪ್ಪಿಗೆ, ಇಲ್ಲದೆ ಮನೆಯನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅದು ಸಾಮಾನ್ಯವಾಗಿ ಮೂರು ತಿಂಗಳಷ್ಟೇ ನಿಲ್ಲುತ್ತದೆ, ಆಮೇಲೆ ಮತ್ತೆ ಮಾಡಿಸಬೇಕು. ಹಾಗಾಗಿ ಮೊದಲು ಹತ್ತು ಮನೆ, ಆಮೇಲೆ ಬ್ಯಾಂಕು.

ನಮಗಿನ್ನೂ ಪಿಆರ್ (ಕಾಯಂ ವಾಸದ ವೀಸಾ) ಬಂದಿಲ್ಲ. ಈಗ ನೋಡಿ ಪ್ರಯೋಜನ ಇದ್ಯಾ?

ನೋಡೋಕೆ ಅಡ್ಡಿಯಿಲ್ಲ, ಕೊಳ್ಳೋಕೆ ಇದೆ. 2025ರ ಏಪ್ರಿಲ್ 1ರಿಂದ ತಾತ್ಕಾಲಿಕ ವೀಸಾದವರು ಹಳೆ ಮನೆ, ಅಂದರೆ ಈಗಾಗಲೇ ಯಾರೋ ವಾಸವಿದ್ದ ಮನೆ, ಕೊಳ್ಳದಂತೆ ಕೇಂದ್ರ ಸರ್ಕಾರ ನಿಷೇಧ ಹಾಕಿತು. ಕೆಲವೇ ಕೆಲವು ವಿನಾಯಿತಿಗಳಿವೆ. ಹೊಸ ಮನೆಗೆ ಬೇರೆ ಅನುಮತಿ ಬೇಕು, ಮೇಲೆ ವಿಕ್ಟೋರಿಯಾದಲ್ಲಿ ವಿದೇಶಿ ಕೊಳ್ಳುಗರಿಗೆ ಸ್ಟ್ಯಾಂಪ್ ಡ್ಯೂಟಿಯ ಜೊತೆ ಇನ್ನೂ 8% ಬೀಳುತ್ತದೆ. ಪಿಆರ್ ಕೈಗೆ ಬರುವ ತನಕ ತಿಂಗಳಿಗೊಂದು ಶನಿವಾರ ಸುತ್ತಾಡಿ ಬೆಲೆ ತಿಳಿದುಕೊಂಡರೆ ಸಾಕು.

ಒಂದು ಶನಿವಾರ ಎಷ್ಟು ಮನೆ ನೋಡ್ಬಹುದು?

ನಾಲ್ಕು. ಐದಾದರೆ ಯಾವ ಮನೆಯ ಬಚ್ಚಲು ಯಾವುದು ಅಂತ ಸಂಜೆ ಹೊತ್ತಿಗೆ ಜಗಳ ಶುರು. ನಮ್ಮ ಮೊದಲ ಶನಿವಾರ ಏಳು ಮನೆ ಪಟ್ಟಿ ಮಾಡಿದ್ದೆವು. ಟಾರ್ನೀಟ್‌ನಿಂದ ಪಾಯಿಂಟ್ ಕುಕ್‌ಗೆ, ಅಲ್ಲಿಂದ ಮತ್ತೆ ಟ್ರುಗನೀನಾಕ್ಕೆ. ಅರ್ಧ ದಿನ ಸಿಗ್ನಲ್‌ನಲ್ಲೇ ಹೋಯಿತು. ಒಂದು ವಾರಕ್ಕೆ ಒಂದೇ ಬಡಾವಣೆ ಇಟ್ಟುಕೊಳ್ಳಿ. ಎರಡು ಮನೆಗಳ ನಡುವೆ ಕಾರಲ್ಲಿ ಕೂತು ಐದು ನಿಮಿಷ ಬರೆದುಕೊಳ್ಳಿ.

ಈಸ್ಟರ್, ಫುಟ್‌ಬಾಲ್ ಗ್ರ್ಯಾಂಡ್ ಫೈನಲ್, ಮೆಲ್ಬರ್ನ್ ಕಪ್ ವಾರಾಂತ್ಯಗಳಲ್ಲಿ ಓಪನ್ ಹೋಮ್ ಕಡಿಮೆ. ಕ್ರಿಸ್‌ಮಸ್‌ನಿಂದ ಜನವರಿ ಕೊನೆಯವರೆಗೂ ಪೇಟೆ ಮಲಗಿರುತ್ತದೆ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಜಾತ್ರೆ.

‘25 ಸ್ಕ್ವೇರ್’, ‘400 ಚದರ ಮೀಟರ್’ ಅಂತ ಬರೆದಿರ್ತಾರೆ. ನಮ್ಮ ಲೆಕ್ಕಕ್ಕೆ ಎಷ್ಟು?

ಇದು ನಮ್ಮವರಿಗೆ ಸುಲಭ. ಊರಲ್ಲಿ ಮೇಸ್ತ್ರಿ ‘ಹತ್ತು ಚದರದ ಮನೆ’ ಅನ್ನುತ್ತಾರಲ್ಲ, ಇಲ್ಲಿನ ಸ್ಕ್ವೇರ್ ಅದೇ. ಒಂದು ಸ್ಕ್ವೇರ್ ಅಂದರೆ 100 ಚದರ ಅಡಿ, 9.29 ಚದರ ಮೀಟರ್. 25 ಸ್ಕ್ವೇರ್ ಅಂದರೆ 2,500 ಚದರ ಅಡಿ. ಆದರೆ ಆ ಲೆಕ್ಕದಲ್ಲಿ ಬಹಳ ಸಲ ಗ್ಯಾರೇಜು, ಮುಂದಿನ ಪೋರ್ಟಿಕೊ, ಹಿಂದಿನ ಆಲ್‌ಫ್ರೆಸ್ಕೊ (ಮಾಡಿರುವ ತೆರೆದ ಜಗುಲಿ) ಎಲ್ಲ ಸೇರಿರುತ್ತದೆ. ಎರಡು ಕಾರಿನ ಗ್ಯಾರೇಜ್ ಒಂದೇ ನಾಲ್ಕು ಚದರ ತಿಂದುಬಿಡುತ್ತದೆ.

ಜಾಗದ ಲೆಕ್ಕ: ನಮ್ಮ 30x40 ಸೈಟು ಸುಮಾರು 111 ಚದರ ಮೀಟರ್. 40x60 ಆದರೆ 223. ಹಾಗಾದರೆ 400 ಮೀಟರ್ ಅಂದರೆ ಮೂರೂವರೆ 30x40 ಸೈಟು. ಕೇಳಿದರೆ ದೊಡ್ಡದು. ಒಂದೇ ಅಂತಸ್ತಿನ ಮನೆ ಕಟ್ಟಿ ಮುಗಿಸಿದ ಮೇಲೆ ಹಿತ್ತಲಲ್ಲಿ ಉಳಿಯುವುದು ಬಟ್ಟೆ ಒಣಹಾಕುವ ಜಾಗ, ಒಂದು ಕರಿಬೇವಿನ ಗಿಡ. ಕರಿಬೇವನ್ನೂ ಚಳಿಗೆ ಒಳಗೆತ್ತಿಡಬೇಕು.

## ಬಾಗಿಲಲ್ಲಿ

ಹೆಸರು, ಫೋನ್ ನಂಬರ್ ಕೊಡಲೇಬೇಕಾ?

ಕೊಡದಿದ್ದರೆ ಒಳಗೆ ಬಿಡದಿರುವುದು ಅವರಿಷ್ಟ. ಮನೆ ಇನ್ನೊಬ್ಬರದು, ಒಳಗೆ ಅವರ ಸಾಮಾನಿದೆ, ಯಾರು ಬಂದು ಹೋದರು ಅಂತ ಗೊತ್ತಿರಬೇಕಲ್ವಾ. ಸೋಮವಾರದಿಂದ ಫೋನು, ಮೆಸೇಜು ಶುರುವಾಗುತ್ತದೆ, ಅದಕ್ಕೆ ಸಿದ್ಧರಾಗಿ. ಮನೆ ಹುಡುಕೋದಕ್ಕೇ ಒಂದು ಬೇರೆ ಇಮೇಲ್ ಮಾಡಿಕೊಳ್ಳಿ. ಗಂಡ ಹೆಂಡತಿಯಲ್ಲಿ ಒಬ್ಬರ ನಂಬರ್ ಮಾತ್ರ ಕೊಡಿ, ಯಾವಾಗಲೂ ಅದೇ ಒಂದು. ನಾವು ಇಬ್ಬರದ್ದೂ ಕೊಟ್ಟೆವು. ಒಂದೇ ಏಜೆಂಟ್ ನನಗೆ ಒಂದು ಬೆಲೆ, ನನ್ನ ಹೆಂಡತಿಗೆ ಇನ್ನೊಂದು ಬೆಲೆ ಹೇಳಿದ್ದರು. ಆ ಲೆಕ್ಕದಲ್ಲಿ ಎರಡು ನಂಬರ್ ಕೊಟ್ಟಿದ್ದರಿಂದ ಲಾಭವೇ ಆಯಿತೇನೋ.

ಅಪ್ಪ ಅಮ್ಮ ಊರಿಂದ ಬಂದಿದ್ದಾರೆ. ಮಕ್ಕಳೂ ಇದ್ದಾರೆ. ಎಲ್ಲರನ್ನೂ ಕರ್ಕೊಂಡು ಹೋಗ್ಬಹುದಾ?

ಹೋಗಬಹುದು. ಶೂ ಬಿಚ್ಚಿ ಅಂತ ಬೋರ್ಡ್ ಇದ್ದರೆ ಬಿಚ್ಚಿ. ಕೆಲವು ಕಡೆ ಶೂ ಮೇಲೆ ಹಾಕಿಕೊಳ್ಳುವ ನೀಲಿ ಕವರ್ ಇಟ್ಟಿರುತ್ತಾರೆ. ಚಿಕ್ಕ ಮಕ್ಕಳಿದ್ದರೆ ಒಬ್ಬರು ಹೊರಗಿರಿ, ಆಮೇಲೆ ಬದಲಾಯಿಸಿಕೊಳ್ಳಿ. ಹಿರಿಯರು ಬರುವುದರಿಂದ ಒಂದು ದೊಡ್ಡ ಉಪಯೋಗ ಇದೆ: ಅವರು ಮನೆಯನ್ನು ಬೇರೆ ಥರ ನೋಡುತ್ತಾರೆ. ನಮ್ಮ ಅತ್ತೆ ಒಂದು ಮನೆಯಲ್ಲಿ ನೇರವಾಗಿ ಬಚ್ಚಲಿಗೆ ಹೋಗಿ, ಮೆಟ್ಟಿಲಿನಷ್ಟು ಎತ್ತರದ ಶವರ್ ಕಟ್ಟೆ ನೋಡಿ, ‘ನಾನಿಲ್ಲಿ ದಿನಾ ಎಡವಬೇಕೇನು?’ ಅಂದರು. ಕೆಳಗಿನ ಅಂತಸ್ತಿನಲ್ಲಿ ಒಂದು ಬೆಡ್‌ರೂಮು, ಅದರ ಪಕ್ಕ ಬಚ್ಚಲು ಬೇಕು ಅಂತ ನಮ್ಮ ಪಟ್ಟಿಗೆ ಸೇರಿದ್ದು ಅವತ್ತು.

ಏಜೆಂಟ್ ನಮ್ಮ ಬಜೆಟ್ ಕೇಳಿದ್ರೆ ಏನ್ ಹೇಳ್ಬೇಕು?

‘ಇನ್ನೂ ನೋಡ್ತಾ ಇದ್ದೀವಿ’ ಅನ್ನಿ, ನಗಿ, ಒಳಗೆ ಹೋಗಿ. ಏಜೆಂಟ್ ಎಷ್ಟೇ ಒಳ್ಳೆಯವರಾದರೂ ಅವರಿಗೆ ಕಮಿಷನ್ ಕೊಡುವವರು ಮಾರುವವರು. ನೀವು 8 ಲಕ್ಷ ಡಾಲರ್‌ವರೆಗೆ ಹೋಗಬಲ್ಲಿರಿ ಅಂತ ತಿಳಿದರೆ ನಿಮ್ಮ ಚೌಕಾಸಿ 8 ಲಕ್ಷದಿಂದಲೇ ಶುರು. ಬಾಡಿಗೆ ಮನೆಯ ಲೀಸ್ ಯಾವಾಗ ಮುಗಿಯುತ್ತೆ, ಮಗುವಿಗೆ ಶಾಲೆ ಯಾವಾಗ, ಇವೂ ಬಜೆಟ್ಟಿನಷ್ಟೇ ಗುಟ್ಟಿನ ವಿಷಯ. ನಿಮಗೆ ಅವಸರ ಇದೆ ಅಂತ ಹೇಳಿದ ಹಾಗೆ ಆಗುತ್ತೆ.

ಇನ್ನೊಂದು. ಕನ್ನಡದಲ್ಲಿ ಮಾತಾಡಿಕೊಂಡರೆ ಯಾರಿಗೂ ತಿಳಿಯೋಲ್ಲ ಅಂತ ಅಂದುಕೊಳ್ಳಬೇಡಿ, ಅದೂ ನಮ್ಮ ಪಶ್ಚಿಮದಲ್ಲಿ. ಒಂದು ಮನೆಯ ಹಾಲ್‌ನಲ್ಲಿ ನಾನು ಹೆಂಡತಿಗೆ ‘ಇದನ್ನ ಬಿಡೋ ಹಾಗೇ ಇಲ್ಲ ಕಣೇ’ ಅಂದೆ. ಏಜೆಂಟ್ ಕಡತದಿಂದ ತಲೆ ಎತ್ತಿ, ‘ಬಿಡ್ಬೇಡಿ ಸರ್, ನಾನೂ ದಾವಣಗೆರೆಯವನೇ’ ಅಂದರು. ಆ ಮನೆ ನಮಗೆ ಸಿಗಲಿಲ್ಲ.

ಅವರನ್ನು ನೀವು ಕೇಳಬೇಕಾದ್ದು: ಯಾಕೆ ಮಾರ್ತಾ ಇದ್ದಾರೆ, ಎಷ್ಟು ವಾರದಿಂದ ಮಾರಾಟಕ್ಕಿದೆ, ಬರಹದಲ್ಲಿ ಆಫರ್ ಬಂದಿದೆಯಾ, ಸೆಟಲ್‌ಮೆಂಟಿಗೆ (ಬಾಕಿ ದುಡ್ಡು ಕೊಟ್ಟು ಕೀ ಪಡೆಯುವುದಕ್ಕೆ) 30 ದಿನ ಬೇಕಂತಾರಾ ಅಥವಾ 90 ಬೇಕಂತಾರಾ. ಮಾರುವವರಿಗೆ ಹೊಂದುವ ದಿನ ಕೊಟ್ಟರೆ ಕೆಲವೊಮ್ಮೆ ದುಡ್ಡಿಗಿಂತ ಅದೇ ಕೆಲಸ ಮಾಡುತ್ತದೆ.

## ಮನೆಯೊಳಗೆ

ಇರೋದೇ ಅರ್ಧ ಗಂಟೆ, ಜನ ಬೇರೆ. ಏನ್ ನೋಡ್ಬೇಕು?

ಮೊದಲ ಐದು ನಿಮಿಷ ಮನೆಯಿಡೀ ಸುಮ್ಮನೆ ನಡೆದುಬಿಡಿ, ಆಸೆ ತೀರಲಿ. ಆಮೇಲೆ ಎರಡನೇ ಸುತ್ತು, ಈ ಸಲ ಸಾಮಾನು ಬಿಟ್ಟು ಗೋಡೆ, ನೆಲ, ಛಾವಣಿ ನೋಡುತ್ತಾ. ಬಚ್ಚಲಿನ ಮೂಲೆ, ಸಿಂಕಿನ ಕೆಳಗಿನ ಕಪಾಟು, ಲಾಂಡ್ರಿಯ ಹಿಂದಿನ ಗೋಡೆ. ತೇವದ ವಾಸನೆ ಬರುತ್ತಾ? ಕಾಫಿಯದ್ದೋ ಮೇಣದಬತ್ತಿಯದ್ದೋ ಘಮ ಜಾಸ್ತಿ ಇದ್ದರೆ ಮೂಗು ಇನ್ನೂ ಚುರುಕಾಗಲಿ. ಬಾಗಿಲು, ಕಿಟಕಿ ತೆಗೆದು ಹಾಕಿ, ಎಲ್ಲಿ ಸಿಕ್ಕಿಕೊಳ್ಳುತ್ತೆ ನೋಡಿ. ನಲ್ಲಿ ತಿರುಗಿಸಿ ನೀರಿನ ರಭಸ ನೋಡಿ. ಎಲ್ಲ ದೀಪವೂ ಹಗಲಲ್ಲೇ ಉರಿಯುತ್ತಿರುತ್ತದೆ. ಒಂದು ರೂಮಿನದ್ದಾದರೂ ಕೇಳಿ ಆರಿಸಿ, ನಿಜವಾದ ಬೆಳಕು ಆಗ ಕಾಣುತ್ತದೆ.

ಹಾಸಿದ ಕಂಬಳಿ ಮೇಲೆ ಕಾಲಿಟ್ಟು ನಡೆಯಿರಿ. ಒಂದು ಮಾಸ್ಟರ್ ಬೆಡ್‌ರೂಮಿನಲ್ಲಿ ಮಂಚಕ್ಕೂ ಕಿಟಕಿಗೂ ನಡುವೆ, ಯಾರೂ ಕಾಲಿಡದ ಜಾಗದಲ್ಲಿ, ಚೆಂದದ ಒಂದು ಕಂಬಳಿ. ಬರಿಗಾಲಿಗೆ ಅದರಡಿಯಲ್ಲಿ ಏನೋ ಉಬ್ಬು ತಗುಲಿತು. ಅಂಚು ಎತ್ತಿ ನೋಡಿದರೆ ಮರದ ಹಲಗೆಗಳು ನೀರು ಕುಡಿದು ದೋಣಿಯ ಥರ ಬಾಗಿದ್ದವು. ಗೋಡೆಯ ಆ ಕಡೆಗೆ ಬಚ್ಚಲು.

ಗೋಡೆಯಲ್ಲಿ ಬಿರುಕು ಕಂಡ್ರೆ ಆ ಮನೆ ಬಿಟ್ಬಿಡಬೇಕಾ?

ಎಲ್ಲ ಬಿರುಕಿಗೂ ಹೆದರಬೇಕಾಗಿಲ್ಲ. ಮೆಲ್ಬರ್ನ್‌ನ ಪಶ್ಚಿಮ ಇರುವುದು ಹಳೆ ಜ್ವಾಲಾಮುಖಿಯ ಬಯಲಿನ ಮೇಲೆ. ಕೆಳಗೆ ಕಪ್ಪು ಕಲ್ಲು, ಮೇಲೆ ಜೇಡಿ ಮಣ್ಣು. ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಇದು ನಮ್ಮ ಎರೆಭೂಮಿಯ ನೆಂಟ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಮೇಲಿನ ಮನೆಯೂ ಅದರ ಜೊತೆ ಸ್ವಲ್ಪ ಸ್ವಲ್ಪ ಅಲ್ಲಾಡುತ್ತದೆ. ಪ್ಲಾಸ್ಟರ್‌ನಲ್ಲಿ ಕೂದಲೆಳೆಯಷ್ಟು ಬಿರುಕು ಬಹುತೇಕ ಎಲ್ಲ ಮನೆಯಲ್ಲೂ ಇದೆ.

ಹೆದರಬೇಕಾದ್ದು ಹೊರಗಿನ ಇಟ್ಟಿಗೆ ಗೋಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಬಿರುಕಿಗೆ. ಒಂದು ಕಡೆ ಸಣ್ಣ, ಇನ್ನೊಂದು ಕಡೆ ಬೆರಳು ತೂರುವಷ್ಟು ಅಗಲ ಇದ್ದರಂತೂ ಇಂಜಿನಿಯರ್ ನೋಡದೆ ಮುಂದೆ ಹೋಗಬೇಡಿ. ಒಂದೇ ಗೋಡೆಗೆ ಮಾತ್ರ ಹೊಸ ಬಣ್ಣ ಹೊಡೆದಿದ್ದರೆ ಯಾಕೆ ಅಂತ ಕೇಳಿ. ಗೋಡೆಗೆ ಒತ್ತಿಕೊಂಡ ದೊಡ್ಡ ಮರ ಇದೆಯಾ, ಮಳೆ ನೀರಿನ ಪೈಪು ನೆಲಕ್ಕೇ ಸುರಿಯುತ್ತಿದೆಯಾ ನೋಡಿ. ಬಿರುಕಿನ ಮೂಲ ಹೆಚ್ಚಾಗಿ ಅಲ್ಲೇ ಇರುತ್ತದೆ.

ಸನ್‌ಶೈನ್, ಫುಟ್‌ಸ್ಕ್ರೇ ಕಡೆಯ ಹಳೆ ಮರದ ಮನೆಗಳ ಕಥೆ ಬೇರೆ. ಅವು ನಿಂತಿರುವುದು ಗೂಟಗಳ ಮೇಲೆ. ಗೂಟ ಕುಸಿದರೆ ನೆಲ ವಾಲುತ್ತದೆ, ಬದಲಾಯಿಸಲು ದೊಡ್ಡ ಖರ್ಚು. ಅಂಥ ಒಂದು ಮನೆಯಲ್ಲಿ ನನ್ನ ಮಗನ ಜೇಬಿನಿಂದ ಗೋಲಿ ಬಿತ್ತು. ಹಾಲ್‌ನ ನಡುವಿಂದ ಹೊರಟು, ಯಾರೂ ತಳ್ಳದೆ, ಊಟದ ಮೇಜಿನ ಕೆಳಗೆ ಹಾದು, ಹಿಂದಿನ ಗೋಡೆಗೆ ಟಕ್ ಅಂತ ಬಡಿದು ನಿಂತಿತು. ಏಜೆಂಟೂ ನೋಡಿದರು, ನಾನೂ ನೋಡಿದೆ. ಆಮೇಲೆ ಅಂಥ ಮನೆಗೆ ಗೋಲಿ ಇಲ್ಲದೆ ಹೋಗಿಲ್ಲ.

ನಮ್ಮ ಅಡುಗೆಗೆ ಈ ಅಡುಗೆಮನೆ ಆಗುತ್ತಾ ಅಂತ ಹೇಗೆ ಗೊತ್ತಾಗುತ್ತೆ?

ಒಲೆ ಮೇಲಿನ ರೇಂಜ್‌ಹುಡ್ ಹೊಗೆಯನ್ನು ಎಲ್ಲಿಗೆ ಬಿಡುತ್ತೆ ಅಂತ ನೋಡಿ, ಅರ್ಧ ಉತ್ತರ ಸಿಕ್ಕಿತು. ಬಹಳ ಮನೆಗಳಲ್ಲಿ ಅದು ಹೊಗೆಯನ್ನು ಎಳೆದು, ಒಂದು ಫಿಲ್ಟರ್‌ನಲ್ಲಿ ಹಾಯಿಸಿ, ಮತ್ತೆ ಅದೇ ಅಡುಗೆಮನೆಗೆ ಊದುತ್ತದೆ. ಒಣಮೆಣಸಿನಕಾಯಿ ಒಗ್ಗರಣೆಗೆ ಅದು ಏನೂ ಸಾಲದು. ಹೊಗೆ ಸೂಚಕ ಕೂಗಿಕೊಳ್ಳುತ್ತದೆ, ಬೆಡ್‌ರೂಮಿನ ಕೋಟುಗಳೆಲ್ಲ ಸಾಂಬಾರಿನ ವಾಸನೆ. ಹುಡ್ಡಿನ ಮೇಲಿನ ಕಪಾಟು ತೆಗೆದು ದಪ್ಪ ಪೈಪು ಮೇಲಕ್ಕೆ ಹೋಗಿದೆಯಾ ನೋಡಿ, ಹೊರಗೆ ಗೋಡೆಯಲ್ಲೋ ಛಾವಣಿಯಲ್ಲೋ ಅದರ ಬಾಯಿ ಇದೆಯಾ ನೋಡಿ.

ಹೊಸ ಬಡಾವಣೆಗಳಲ್ಲಿ ಬಿಲ್ಡರ್‌ಗಳು ನಮ್ಮಂಥವರಿಗೆಂದೇ ‘ಸ್ಪೈಸ್ ಕಿಚನ್’ ಕೊಡುತ್ತಾರೆ, ಹಿಂದುಗಡೆ ಬಾಗಿಲಿರುವ ಎರಡನೇ ಅಡುಗೆಮನೆ. ಕಿಟಕಿ ಇಲ್ಲದ ಸ್ಪೈಸ್ ಕಿಚನ್ ನನ್ನ ಕಣ್ಣಿಗೆ ದುಬಾರಿ ಉಗ್ರಾಣ.

ವಾಸ್ತು ನೋಡ್ಬೇಕು ಅಂತ ಮನೇಲಿ ಹೇಳ್ತಾರೆ. ಇಲ್ಲಿ ದಿಕ್ಕು ಹೇಗೆ ಲೆಕ್ಕ?

ಪೂರ್ವ ಪೂರ್ವವೇ. ಸೂರ್ಯ ಇಲ್ಲೂ ಅಲ್ಲೇ ಹುಟ್ಟುತ್ತಾನೆ. ಬದಲಾಗುವುದು ಅವನು ನಡೆಯುವ ದಾರಿ. ಭೂಮಧ್ಯರೇಖೆಯ ಕೆಳಗಿರುವ ಮೆಲ್ಬರ್ನ್‌ನಲ್ಲಿ ಅವನು ಆಕಾಶದ ಉತ್ತರ ಭಾಗದಲ್ಲಿ ಹಾದು ಹೋಗುತ್ತಾನೆ. ಹಾಗಾಗಿ ಉತ್ತರಕ್ಕೆ ದೊಡ್ಡ ಕಿಟಕಿ ಇರುವ ಹಾಲ್ ಚಳಿಗಾಲದಲ್ಲಿ ಬೆಚ್ಚಗೆ, ದಕ್ಷಿಣದ ರೂಮು ಜೂನ್‌ನಲ್ಲಿ ತಂಗಳುಪೆಟ್ಟಿಗೆ. ಪಶ್ಚಿಮಕ್ಕೆ ಬರೀ ಗಾಜು ಇದ್ದರೆ ಜನವರಿಯ 40 ಡಿಗ್ರಿಯ ಸಂಜೆ ನೆನೆಸಿಕೊಳ್ಳಿ. ಜಾಹೀರಾತಿನಲ್ಲಿ ‘ನಾರ್ತ್ ಫೇಸಿಂಗ್’ ಅಂತ ಬರೆದಿದ್ದರೆ ಮುಂಬಾಗಿಲು ಉತ್ತರಕ್ಕಾ, ಹಿತ್ತಲು ಉತ್ತರಕ್ಕಾ ಕೇಳಿ. ಇಲ್ಲಿನವರು ಬೆಲೆ ಜಾಸ್ತಿ ಕೊಡುವುದು ಹಿತ್ತಲು, ಹಾಲ್ ಉತ್ತರಕ್ಕಿದ್ದರೆ.

ಫೋನಿನ ದಿಕ್ಸೂಚಿ ಮನೆಯೊಳಗೆ ಕಬ್ಬಿಣದ ಹತ್ತಿರ ತಪ್ಪು ತೋರಿಸುತ್ತದೆ, ಬೀದಿಯಲ್ಲಿ ನಿಂತು ನೋಡಿ. ಬಾಗಿಲು ಪೂರ್ವಕ್ಕಿದೆ ಅಂತ ಹಿರಿಯರು ಒಪ್ಪಿ, ಹಾಲ್‌ಗೆ ಉತ್ತರದ ಬಿಸಿಲು ಬಿದ್ದರೆ ಎರಡೂ ಕಡೆಯವರು ಖುಷಿ. ಅಂಥ ಮನೆಗೆ ನಮ್ಮವರೇ ಹತ್ತು ಜನ ಪೈಪೋಟಿಗೆ ಬಂದಿರುತ್ತಾರೆ ಅನ್ನುವುದು ಬೇರೆ ಮಾತು.

ವಿಡಿಯೋ ಮಾಡಿ ಊರಿಗೆ ಕಳಿಸ್ಬಹುದಾ?

ಕೇಳಿ ಮಾಡಿ. ಗೋಡೆ ಮೇಲೆ ಅವರ ಮಕ್ಕಳ ಫೋಟೋ ಇರುತ್ತದೆ. ಬಹಳಷ್ಟು ಏಜೆಂಟ್‌ಗಳು ಬಿರುಕು, ಮೀಟರ್ ಬಾಕ್ಸ್ ಥರದ್ದಕ್ಕೆ ಬೇಡ ಅನ್ನುವುದಿಲ್ಲ. ಊರಿಗೆ ಕಳಿಸಲು ಜಾಹೀರಾತಿನ ನಕ್ಷೆಯೇ ಸಾಕು.

## ಬೀದಿ, ಬಡಾವಣೆ

ಮನೆ ಇಷ್ಟ ಆಯ್ತು. ಏರಿಯಾ ಹೇಗಿದೆ ಅಂತ ಹೇಗೆ ತಿಳ್ಕೊಳ್ಳೋದು?

ಶನಿವಾರ ಹನ್ನೊಂದು ಗಂಟೆಗೆ ಎಲ್ಲ ಬೀದಿಯೂ ಸಂಭಾವಿತ. ಮಂಗಳವಾರ ಬೆಳಗ್ಗೆ ಏಳೂವರೆಗೆ ಆ ಮನೆ ಮುಂದಿನಿಂದ ನಿಮ್ಮ ಆಫೀಸಿಗೆ ಒಮ್ಮೆ ಹೊರಟು ನೋಡಿ. ಬಡಾವಣೆಯಿಂದ ಹೊರಬೀಳಲು ಒಂದೇ ದಾರಿ ಇದ್ದರೆ ಅಲ್ಲೇ ಇಪ್ಪತ್ತು ನಿಮಿಷ. ರೈಲು ಹತ್ತಿರ ಅಂದರೆ ಯಾವ ರೈಲು ಅಂತ ನೋಡಿ. 2015ರಲ್ಲಿ ಶುರುವಾದ ಟಾರ್ನೀಟ್ ನಿಲ್ದಾಣದಲ್ಲಿ ಓಡುವುದು ಹೊರ ಊರುಗಳಿಗೆ ಹೋಗುವ ವಿ-ಲೈನ್‌ನ ಡೀಸೆಲ್ ರೈಲು. ಪಾಯಿಂಟ್ ಕುಕ್‌ನವರು ಹೋಗುವ ವಿಲಿಯಮ್ಸ್ ಲ್ಯಾಂಡಿಂಗ್‌ನಲ್ಲಿ ಸಿಗುವುದು ನಗರದ ಮೆಟ್ರೋ ರೈಲು. ದೂರ ಒಂದೇ ಥರ ಕಂಡರೂ ದಿನಚರಿ ಬೇರೆ.

ರಾತ್ರಿ ಒಮ್ಮೆ ಹೋಗಿ. ಪಕ್ಕದ ಮನೆ ನಾಯಿ, ಎದುರುಮನೆಯ ಐದು ಕಾರು, ದೂರದ ಫ್ರೀವೇ ಸದ್ದು, ಎಲ್ಲ ಆಗ ಕೇಳುತ್ತದೆ. ಮುಂದುಗಡೆ ಗಿಡಕ್ಕೆ ನೀರು ಹಾಕುತ್ತಿರುವ ಹಿರಿಯರು ಸಿಕ್ಕರೆ ನಿಂತು ಮಾತಾಡಿಸಿ. ಹತ್ತು ನಿಮಿಷದಲ್ಲಿ ಅವರು ಹೇಳುವಷ್ಟನ್ನು ಯಾವ ರಿಪೋರ್ಟೂ ಹೇಳುವುದಿಲ್ಲ.

ಹಾಗೇ ವಿಕ್‌ಪ್ಲಾನ್ ಅನ್ನುವ ಸರ್ಕಾರಿ ನಕ್ಷೆಯಲ್ಲಿ ವಿಳಾಸ ಹಾಕಿ. ಕಾಸಿಲ್ಲ. ಪ್ರವಾಹ, ಕಾಡ್ಗಿಚ್ಚು, ವಿಮಾನದ ಸದ್ದು, ಇಂಥವುಗಳ ಓವರ್‌ಲೇ (ವಿಶೇಷ ನಿಯಮದ ಗುರುತು) ಆ ಜಾಗಕ್ಕೆ ಇದೆಯಾ ಅಂತ ಗೊತ್ತಾಗುತ್ತದೆ. ಪಕ್ಕದ ಖಾಲಿ ಜಾಗಕ್ಕೆ ಮುಂದೆ ಏನು ಬರಬಹುದು ಅನ್ನುವುದಕ್ಕೂ ಅಲ್ಲೇ ಸುಳಿವು.

ಒಳ್ಳೆ ಸ್ಕೂಲ್ ಝೋನ್ ಅಂತ ಜಾಹೀರಾತಲ್ಲಿದೆ. ನಂಬ್ಬಹುದಾ?

ಫೈಂಡ್ ಮೈ ಸ್ಕೂಲ್ ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲಿ ನೀವೇ ವಿಳಾಸ ಹಾಕಿ ನೋಡಿ. ಗ್ಲೆನ್ ವೇವರ್ಲಿ, ಬ್ಯಾಲ್ವಿನ್ ಥರದ ಕಡೆ ಝೋನಿನ, ಅಂದರೆ ಆ ಶಾಲೆಗೆ ಸೇರುವ ಪ್ರದೇಶದ, ಗೆರೆ ರಸ್ತೆ ನಡುವೆ ಹಾದು ಹೋಗಿರುತ್ತದೆ. ಈ ಬದಿಯ ಮನೆಗೆ ಒಂದು ಬೆಲೆ, ಆ ಬದಿಯದಕ್ಕೆ ಇನ್ನೊಂದು. ಗೆರೆ ಬದಲಾಗುವುದೂ ಉಂಟು. ಮಗು ಇನ್ನೂ ಎರಡು ವರ್ಷದ್ದಾದರೆ ಹೈಸ್ಕೂಲ್ ಝೋನ್‌ಗೆಂದು ಈಗಲೇ ಒಂದು ಲಕ್ಷ ಜಾಸ್ತಿ ಕೊಡುವುದು ನನಗಂತೂ ಒಪ್ಪಿಗೆಯಿಲ್ಲ.

## ಬೆಲೆ, ಕಾಗದಪತ್ರ, ಆಕ್ಷನ್ (ಹರಾಜು)

ಬೋರ್ಡಲ್ಲಿ 7.5ರಿಂದ 8.25 ಲಕ್ಷ ಅಂತಿರುತ್ತೆ. ಕೊನೆಗೆ 9ಕ್ಕೆ ಹೋಗುತ್ತೆ. ಇದೇನು ಮೋಸಾನಾ?

ಕೆಲವೊಮ್ಮೆ ಮೋಸ, ಕೆಲವೊಮ್ಮೆ ಇಬ್ಬರು ಹಟಮಾರಿ ಕೊಳ್ಳುಗರು. ಬೇಕೆಂದೇ ಕಡಿಮೆ ಬೆಲೆ ಹಾಕಿ ಜನ ಸೇರಿಸುವುದಕ್ಕೆ ಇಲ್ಲಿ ‘ಅಂಡರ್‌ಕ್ವೋಟಿಂಗ್’ ಅನ್ನುತ್ತಾರೆ. ಅದು ಕಾನೂನುಬಾಹಿರ. 2017ರ ಮೇ ತಿಂಗಳಿಂದ ಪ್ರತಿ ಮನೆಗೂ ‘ಸ್ಟೇಟ್‌ಮೆಂಟ್ ಆಫ್ ಇನ್ಫರ್ಮೇಷನ್’ ಅನ್ನುವ ಒಂದು ಹಾಳೆ ಇರಲೇಬೇಕು, ಓಪನ್ ಹೋಮ್‌ನಲ್ಲಿ ಕಾಣುವಂತೆ ಇಡಬೇಕು. ಅದರಲ್ಲಿ ಅಂದಾಜು ಬೆಲೆ, ಆ ಬಡಾವಣೆಯ ಮಧ್ಯಮ ಬೆಲೆ, ಹತ್ತಿರದಲ್ಲಿ ಮಾರಾಟವಾದ ಇಂಥದ್ದೇ ಮೂರು ಮನೆಗಳ ವಿವರ ಇರುತ್ತದೆ. ಬೆಲೆಯ ಎರಡು ತುದಿಗಳ ನಡುವೆ 10%ಗಿಂತ ಜಾಸ್ತಿ ಅಂತರ ಇರುವಂತಿಲ್ಲ. ಬೆಲೆಯ ಪಕ್ಕ ಕೂಡಿಸುವ ಚಿಹ್ನೆ ಹಾಕುವಂತಿಲ್ಲ.

ಆ ಮೂರು ಮನೆಗಳನ್ನು ಸುಮ್ನೆ ಬಿಡಬೇಡಿ. ಮೂರನ್ನೂ ಹುಡುಕಿ ಫೋಟೋ ನೋಡಿ. ಒಂದು ರೈಲು ಹಳಿಗೆ ತಾಗಿರುತ್ತದೆ, ಒಂದಕ್ಕೆ ಅರ್ಧ ಜಾಗ. ಅಗ್ಗದ ಮೂರನ್ನೇ ಆರಿಸಿದ್ದಾರಾ ಅಂತ ತಿಳಿಯುತ್ತದೆ. ನಾವು ಒಂದು ನೋಟ್‌ಬುಕ್ಕಿನಲ್ಲಿ ನೋಡಿದ ಪ್ರತಿ ಮನೆಗೂ ಮೂರು ಅಂಕಣ ಹಾಕಿದ್ದೆವು: ಅವರು ಹೇಳಿದ ಬೆಲೆ, ನಾವು ಊಹಿಸಿದ ಬೆಲೆ, ಕೊನೆಗೆ ಹೋದ ಬೆಲೆ. ಮೂರು ತಿಂಗಳಲ್ಲಿ ನಮ್ಮ ಊಹೆಯೇ ಅವರ ಹಾಳೆಗಿಂತ ಹತ್ತಿರ ಬರತೊಡಗಿತು. ಅರವತ್ತು ಮನೆ ಸುತ್ತಿದ್ದಕ್ಕೆ ಸಿಕ್ಕ ಅಸಲು ಅದೇ.

ಸೆಕ್ಷನ್ 32 ಅಂತಾರಲ್ಲ, ಅದೇನು? ನಾವೇ ಓದ್ಬಹುದಾ?

ಮಾರುವವರು ಸಹಿಗೆ ಮುಂಚೆ ಕೊಡಲೇಬೇಕಾದ ಕಡತ. 1962ರ ಜಮೀನು ಮಾರಾಟ ಕಾಯಿದೆಯ 32ನೇ ಸೆಕ್ಷನ್ ಹೇಳುವುದರಿಂದ ಆ ಹೆಸರು. ಊರಲ್ಲಿ ಖಾತೆ, ಇಸಿ, ತೆರಿಗೆ ರಸೀದಿ ಅಂತ ನಾಲ್ಕು ಕಡೆ ಓಡಾಡುತ್ತೇವಲ್ಲ, ಅದರ ಬಹುಪಾಲು ಇಲ್ಲಿ ಒಂದೇ ಕಟ್ಟಿನಲ್ಲಿ ಸಿಗುತ್ತದೆ. ಏಜೆಂಟನ್ನು ಕೇಳಿದರೆ ಇಮೇಲ್ ಮಾಡುತ್ತಾರೆ. ನೀವೂ ಓದಿ, ಆದರೆ ಸಹಿಗೆ ಮುಂಚೆ ಕನ್ವೇಯನ್ಸರ್ (ಆಸ್ತಿ ವರ್ಗಾವಣೆಯ ಕಾಗದಪತ್ರ ನೋಡಿಕೊಳ್ಳುವವರು) ಕಣ್ಣು ಹಾಯಿಸಲೇಬೇಕು.

ನೀವು ಓದುವಾಗ ಎರಡು ಜಾಗ ನೋಡಿ. ಒಂದು, ನಕ್ಷೆಯಲ್ಲಿ ಈಸ್‌ಮೆಂಟ್ ಎಂದು ಗುರುತು ಮಾಡಿದ ಪಟ್ಟಿ. ಅಲ್ಲಿ ಕೆಳಗೆ ಚರಂಡಿ ಪೈಪೋ ಏನೋ ಹೋಗಿರುತ್ತದೆ, ಅದರ ಮೇಲೆ ಮನಸ್ಸಿಗೆ ಬಂದ ಹಾಗೆ ಕಟ್ಟುವಂತಿಲ್ಲ. ಎರಡು, ಕಳೆದ 7 ವರ್ಷದ ಕಟ್ಟಡ ಪರವಾನಗಿಗಳು. ಹಿತ್ತಲಲ್ಲಿ ಹೊಚ್ಚ ಹೊಸ ಪರ್ಗೋಲಾ ಕಂಡಿರಿ, ಕಡತದಲ್ಲಿ ಪರವಾನಗಿ ಇಲ್ಲ ಅಂದರೆ, ನಾಳೆ ಕೌನ್ಸಿಲ್ ಕೇಳಿದಾಗ ಉತ್ತರ ಕೊಡಬೇಕಾದವರು ನೀವು.

5% ಡೆಪಾಸಿಟ್ ಇದ್ರೆ ಸಾಕಂತೆ, ನಿಜಾನಾ?

ಡೆಪಾಸಿಟ್ಟಿಗೆ ಸಾಕು, ಮನೆಗೆ ಸಾಲದು. ಮೊದಲ ಮನೆ ಕೊಳ್ಳುವವರಿಗೆ ಕೇಂದ್ರ ಸರ್ಕಾರದ ಯೋಜನೆಯಲ್ಲಿ 5% ಇದ್ದರೆ ಸಾಲ ಸಿಗುತ್ತದೆ, ಬ್ಯಾಂಕಿನ ವಿಮೆಯ ಖರ್ಚೂ ಬೀಳುವುದಿಲ್ಲ. 2025ರ ಅಕ್ಟೋಬರ್ 1ರಿಂದ ಇದಕ್ಕೆ ಆದಾಯದ ಮಿತಿ ತೆಗೆದರು, ಮೆಲ್ಬರ್ನ್‌ಗೆ ಬೆಲೆಯ ಮಿತಿಯನ್ನು 9.5 ಲಕ್ಷ ಡಾಲರ್ ಮಾಡಿದರು.

ಸ್ಟ್ಯಾಂಪ್ ಡ್ಯೂಟಿಯ ಲೆಕ್ಕ ಮಾತ್ರ ಬೇರೆ. ಮೊದಲ ಮನೆಯಾದರೆ ವಿಕ್ಟೋರಿಯಾದಲ್ಲಿ 6 ಲಕ್ಷದವರೆಗೆ ಡ್ಯೂಟಿ ಇಲ್ಲ, 7.5 ಲಕ್ಷದವರೆಗೆ ರಿಯಾಯಿತಿ, ಅದರ ಮೇಲೆ ಪೂರ್ತಿ. 8 ಲಕ್ಷದ ಮನೆಗೆ 5% ಅಂದರೆ 40,000 ಡಾಲರ್. ಅದೇ ಮನೆಯ ಸ್ಟ್ಯಾಂಪ್ ಡ್ಯೂಟಿ 43,070 ಡಾಲರ್. ಡೆಪಾಸಿಟ್ಟಿಗಿಂತ ಡ್ಯೂಟಿಯೇ ಜಾಸ್ತಿ! 7.5 ಲಕ್ಷದ ಆಸುಪಾಸಿನ ಓಪನ್ ಹೋಮ್‌ಗಳಲ್ಲಿ ಯಾಕೆ ಅಷ್ಟು ನೂಕುನುಗ್ಗಲು ಅಂತ ಈಗ ಅರ್ಥವಾಯಿತಲ್ಲ.

ಇನ್‌ಸ್ಪೆಕ್ಟರ್‌ನ ಯಾವಾಗ ಕರೆಸ್ಬೇಕು?

ಎರಡನೇ ಸಲ ನೋಡಿದ ಮೇಲೂ ಮನೆ ಬೇಕು ಅನಿಸಿದರೆ. ಕಟ್ಟಡ ಮತ್ತು ಗೆದ್ದಲು ಎರಡನ್ನೂ ನೋಡುವ ರಿಪೋರ್ಟಿಗೆ ಸಾಮಾನ್ಯವಾಗಿ ಕೆಲವು ನೂರು ಡಾಲರ್ ಆಗುತ್ತದೆ. ಆಕ್ಷನ್ ಆದರೆ ಅದಕ್ಕೆ ಮುಂಚೆಯೇ ಮಾಡಿಸಬೇಕು, ಮನೆ ಸಿಗದಿದ್ದರೆ ಆ ದುಡ್ಡು ಹೋಯಿತು. ಆಕ್ಷನ್ ಇಲ್ಲದ ಖಾಸಗಿ ಮಾರಾಟವಾದರೆ ‘ಇನ್‌ಸ್ಪೆಕ್ಷನ್ ಸರಿಬಂದರೆ ಮಾತ್ರ’ ಅಂತ ಕರಾರಿನಲ್ಲಿ ಬರೆಸಿ ಆಮೇಲೆ ಮಾಡಿಸಬಹುದು. ಏಜೆಂಟ್ ಹೇಳಿದ ಇನ್‌ಸ್ಪೆಕ್ಟರ್ ಬೇಡ, ನೀವೇ ಹುಡುಕಿ. ಅವರ ಜೊತೆ ಹೋಗಿ ನಿಲ್ಲಿ. ರಿಪೋರ್ಟಿನಲ್ಲಿ ನಲವತ್ತು ಪುಟ ಇರುತ್ತದೆ, ‘ನೀವಾಗಿದ್ರೆ ತಗೋತಿದ್ರಾ?’ ಅನ್ನುವುದಕ್ಕೆ ಉತ್ತರ ಅಲ್ಲಿ ನಿಂತಾಗಲೇ ಸಿಗುವುದು.

ಆಕ್ಷನ್‌ನಲ್ಲಿ ಕೂಗೋಕೆ ಭಯ. ಮೊದಲ ಸಲ ಏನ್ ಮಾಡ್ಬೇಕು?

ಬೇರೆಯವರ ಮನೆಯ ಐದು ಆಕ್ಷನ್ ನಿಂತು ನೋಡಿ. ಬೀದಿಯಲ್ಲೇ ನಡೆಯುತ್ತದೆ, ಯಾರೂ ಬೇಡ ಅನ್ನುವುದಿಲ್ಲ. ವಿಕ್ಟೋರಿಯಾದಲ್ಲಿ ಹೆಸರು ನೋಂದಾಯಿಸುವ ಕಡ್ಡಾಯವೂ ಇಲ್ಲ. ಮಾರುವವರ ಪರವಾಗಿ ಆಕ್ಷನರ್ ಮಾತ್ರ ಕೂಗಬಹುದು, ಅದನ್ನು ‘ವೆಂಡರ್ ಬಿಡ್’ ಎಂದು ಜೋರಾಗಿ ಹೇಳಲೇಬೇಕು. ಸುಳ್ಳು ಬಿಡ್‌ದಾರರನ್ನು ನಿಲ್ಲಿಸುವುದು ಅಪರಾಧ.

ಸುತ್ತಿಗೆ ಬಿದ್ದರೆ ಮನೆ ನಿಮ್ಮದು. ಸಾಮಾನ್ಯವಾಗಿ 10% ಡೆಪಾಸಿಟ್ ಅವತ್ತೇ ಕೊಡಬೇಕು, ಬ್ಯಾಂಕ್ ಒಪ್ಪಲಿಲ್ಲ ಅಂತ ಹಿಂದೆ ಸರಿಯುವಂತಿಲ್ಲ. 5% ಯೋಜನೆಯವರು ಡೆಪಾಸಿಟ್ ಕಡಿಮೆ ಮಾಡಿಕೊಳ್ಳುವಿರಾ ಅಂತ ಮುಂಚೆಯೇ ಬರಹದಲ್ಲಿ ಕೇಳಿ. ಮನೆ ಪಾಸ್ಡ್ ಇನ್ ಆದರೆ, ಅಂದರೆ ಮಾರುವವರ ಕನಿಷ್ಠ ಬೆಲೆ ಮುಟ್ಟದಿದ್ದರೆ, ಮೊದಲು ಒಳಗೆ ಕರೆದು ಮಾತಾಡುವುದು ಅತಿ ಹೆಚ್ಚು ಕೂಗಿದವರನ್ನು. ಬೆಲೆ ನಿಂತುಹೋಗುತ್ತಿದೆ ಅನಿಸಿದಾಗ ಒಂದು ಸಾವಿರ ಮೇಲೆ ಕೂಗಿ ಆ ಜಾಗ ಹಿಡಿದುಕೊಳ್ಳುವುದು ಹಳಬರ ವರಸೆ.

ನಿಮ್ಮ ಕೊನೆಯ ಅಂಕಿಯನ್ನು ಚೀಟಿಯಲ್ಲಿ ಬರೆದು ಕೂಗದವರ ಕೈಗೆ ಕೊಡಿ. ನಮ್ಮ ಮನೆಯಲ್ಲಿ ನಾನು ಕೂಗುವವನು, ಚೀಟಿ ಹೆಂಡತಿಯ ಮುಷ್ಟಿಯಲ್ಲಿ. ಒಂದು ಸಲ ನಾನು ಇನ್ನೂ ಬಾಯಿ ತೆಗೆಯುವ ಮುಂಚೆ ಅವಳು ನನ್ನ ಜಾಕೆಟ್ ಹಿಂದಿನಿಂದ ಎಳೆದಳು. ತೋಳಿನ ಹೊಲಿಗೆ ಬಿಟ್ಟಿತು, ದುಡ್ಡು ಉಳಿಯಿತು.

ಸಹಿ ಹಾಕಿದ ಮೇಲೆ ಮನಸ್ಸು ಬದಲಾದ್ರೆ?

ಖಾಸಗಿ ಮಾರಾಟದಲ್ಲಿ ನೀವು ಸಹಿ ಹಾಕಿದ ದಿನದಿಂದ ಮೂರು ಪೂರ್ಣ ಕೆಲಸದ ದಿನ ಕೂಲಿಂಗ್ ಆಫ್ ಇದೆ. ಬರಹದಲ್ಲಿ ತಿಳಿಸಿ ಬಿಡಬಹುದು. 100 ಡಾಲರ್ ಅಥವಾ ಬೆಲೆಯ 0.2%, ಎರಡರಲ್ಲಿ ಯಾವುದು ಜಾಸ್ತಿಯೋ ಅದು ಹೋಗುತ್ತದೆ. 8 ಲಕ್ಷಕ್ಕೆ 1,600 ಡಾಲರ್. ಆಕ್ಷನ್‌ನಲ್ಲಿ ಕೊಂಡರೆ ಇದಿಲ್ಲ. ಆಕ್ಷನ್‌ಗೆ ಮುಂಚಿನ ಅಥವಾ ನಂತರದ ಮೂರು ಕೆಲಸದ ದಿನದೊಳಗೆ ಕೊಂಡರೂ ಇಲ್ಲ. ‘ಗುರುವಾರವೇ ಮುಗಿಸಿಬಿಡೋಣ, ಶನಿವಾರದವರೆಗೆ ಯಾಕೆ’ ಅಂತ ಏಜೆಂಟ್ ಫೋನ್ ಮಾಡಿದಾಗ ಇದು ನೆನಪಿರಲಿ.

ಕೀ ತಗೊಳ್ಳೋ ಮುಂಚೆ ಇನ್ನೊಮ್ಮೆ ನೋಡಕ್ಕೆ ಬಿಡ್ತಾರಾ?

ಬಿಡುತ್ತಾರೆ. ಸೆಟಲ್‌ಮೆಂಟ್ ಹಿಂದಿನ ವಾರದಲ್ಲಿ ಒಮ್ಮೆ. ಈ ಸಲ ಜನ ಇಲ್ಲ, ಕಾಫಿ ಘಮ ಇಲ್ಲ, ಬಾಡಿಗೆ ಸೋಫಾ ಹೋಗಿರುತ್ತದೆ. ಮನೆ ಅರ್ಧದಷ್ಟು ಕಾಣುತ್ತದೆ, ಗಾಬರಿಯಾಗಬೇಡಿ. ಓವನ್, ಹೀಟರ್, ಏಸಿ, ಬಿಸಿನೀರು, ಗ್ಯಾರೇಜ್ ರಿಮೋಟ್ ಒಂದೊಂದೇ ಹಾಕಿ ನೋಡಿ. ಕರಾರಿನಲ್ಲಿದ್ದ ಪರದೆ, ದೀಪ, ಡಿಶ್‌ವಾಷರ್ ಹಾಗೇ ಇದೆಯಾ ಲೆಕ್ಕ ಹಾಕಿ. ಏನಾದರೂ ಕಮ್ಮಿ ಇದ್ದರೆ ಅಲ್ಲಿಂದಲೇ ಕನ್ವೇಯನ್ಸರ್‌ಗೆ ಫೋನ್ ಮಾಡಿ, ದುಡ್ಡು ಕೈ ಬದಲಾಯಿಸುವ ಮುಂಚೆ. ನಮ್ಮಲ್ಲಿ ಬಿಸಿನೀರು ಬರಲಿಲ್ಲ. ಎರಡು ದಿನದಲ್ಲಿ ಅವರೇ ಸರಿಮಾಡಿಸಿದರು. ಸೆಟಲ್‌ಮೆಂಟಿನ ಸಂಜೆ ಆ ನೀರಲ್ಲೇ ಅತ್ತೆ ಹಾಲಿನ ಪಾತ್ರೆ ತೊಳೆದು ಒಲೆ ಮೇಲಿಟ್ಟರು.